ಗ್ಯಾಸಬತ್ತಿ ಹಚ್ಚುವ ಮುಂಚೆ

ಊರಿನ ಚರಿತ್ರೆಯ ಪುಸ್ತಕ ಮಾಡ್ತೀವಿ, ನೀವೂ ಒಂದು ಬರೀರಿ ಕಾಕಾ ಅಂತ ನಮ್ಮ ವಾಚನಾಲಯದ ಹುಡುಗರು ಕೇಳಿದರು. ಗುಡಿ, ಬುರುಜು, ವಾಡೆಗಳ ಬಗ್ಗೆ ಬರೆಯಲಿಕ್ಕೆ ನಮ್ಮಲ್ಲಿ ಮಾಸ್ತರು ಇದ್ದಾರೆ. ನಾನು ಏಳನೇ ತರಗತಿ ಓದಿ ಹೊಲಕ್ಕ ಇಳಿದವ. ಹಗಲೆಲ್ಲ ಜೋಳ, ತೊಗರಿ; ರಾತ್ರಿ ಭಜನಿ ಪದ. ರಾತ್ರಿ ಹಾಡುವವನಿಗೆ ದಪ್ಪು, ತಾಳ, ಏಕತಾರಿ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಬೆಳಕು. ಅದಕ್ಕ ನಾನು ಬೆಳಕಿನ ಚರಿತ್ರೆ ಬರೀತೀನಿ. ಅದರಾಗೂ ಗೋಡಿಗೆ ಕೂಡಿಸಿದ ಬೆಳಕಿನದಲ್ಲ, ಕೈಯಾಗ ಹಿಡಿದು, ತಲಿ ಮ್ಯಾಲ ಹೊತ್ತು, ಊರಿಂದ ಊರಿಗೆ ಒಯ್ಯುವ ಬೆಳಕಿನದು. ಅದನ್ನು ಹಚ್ಚುವ ಮುಂಚೆ ಯಾರು ನೋಡುತ್ತಿದ್ದರು, ಏನು ನೋಡುತ್ತಿದ್ದರು ಅನ್ನುವುದೇ ಈ ಬರಹದ ಮುಖ್ಯ ವಿಷಯ.

ಮೊದಲು ನಮ್ಮ ಸೀಮಿಯ ಸುದ್ದಿ ಒಂದಿಷ್ಟು ಹೇಳಬೇಕು. ನಮ್ಮ ಜಹೀರಾಬಾದ್ ತಾಲೂಕು, ನಾರಾಯಣಖೇಡ ತಾಲೂಕು ಇವೆರಡೂ ನಿಜಾಮರ ಕಾಲದಿಂದ ಬೀದರ್ ಜಿಲ್ಲೆಯೊಳಗ ಇದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯೊಳಗ ಇತ್ತು. 1956ರ ನವೆಂಬರ್ 1ರಂದು ಭಾಷೆಯ ಮ್ಯಾಲ ರಾಜ್ಯ ಮಾಡಿದಾಗ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್ ಕಡಿ ಮೈಸೂರಿಗೆ, ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ, ನಾವು ಆಂಧ್ರಕ್ಕ. 2014ರ ಜೂನ್ 2ಕ್ಕೆ ತೆಲಂಗಾಣ ಆಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ ಆಯಿತು. ಕಾಗದದ ಮ್ಯಾಲ ಇಷ್ಟು ಸಲ ನಮ್ಮ ವಿಳಾಸ ಬದಲಾದರೂ ಭಜನಿ ಮ್ಯಾಳಗಳು ಹೋಗಿ ಬರುವ ದಾರಿ ಬದಲಾಗಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಶಿವರಾತ್ರಿಗೆ ಆ ಕಡಿಯವರು ಬರುತ್ತಾರೆ, ಹುಮನಾಬಾದಿನ ವೀರಭದ್ರ ದೇವರ ಜಾತ್ರಿಗೆ ನಾವು ಹೋಗುತ್ತೇವೆ. ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕ ಯಾವ ಗಡಿಯೂ ಇಲ್ಲ. ಮ್ಯಾಳದ ಸಂಗಡ ಬತ್ತಿಯೂ ಗಡಿ ದಾಟಿ ತಿರುಗಿತು.

ಎಲ್ಲಕ್ಕಿಂತ ಹಳೇದು ಹಿಲಾಲು. ಪಂಜು, ದೀವಟಿಗೆ, ಮಶಾಲು ಅಂದರೂ ಅದೇ. ಕಬ್ಬಿಣದ ಸಲಾಕಿಗೆ ಹಳೆ ಅರಿವಿ ಬಿಗಿದು ಸುತ್ತಿ, ಎಣ್ಣಿ ಕುಡಿಸಿ ಹಚ್ಚುವುದು. ದೇವರ ಪಲ್ಲಕ್ಕಿ ಮುಂದ, ಮೊಹರಂ ರಾತ್ರಿ ಪೀರಗಳ ಮುಂದ, ಬಯಲಾಟದ ರಂಗದ ಎರಡೂ ಬದಿಗೆ ಹಿಲಾಲು ಉರಿಯುತ್ತಿದ್ದವು. ಭಾಳ ಊರುಗಳಾಗ ಅದನ್ನು ಹಿಡಿಯುವುದು ಮಡಿವಾಳರ ಮನಿಯವರ ಕೆಲಸ. ಒಬ್ಬ ಹಿಲಾಲು ಹಿಡಿದರೆ ಇನ್ನೊಬ್ಬ ಎಣ್ಣಿ ಗಿಂಡಿ ಹಿಡಿದು ನಡೀತಿದ್ದ. ಇದರ ತಪಾಸಣೆ ಕಣ್ಣಿನದೂ ಕೈಯಿಂದೂ. ಅರಿವಿಯ ಸುತ್ತು ಸಡಿಲ ಇದ್ದರ ಉರಿಯುವ ತುಂಡು ಕಳಚಿ ಬೀಳ್ತದ. ಎಣ್ಣಿ ಹೆಚ್ಚಾದರ ಸಲಾಕಿ ಗುಂಟ ಇಳಿದು ಹಿಡಿದವನ ಕೈಗೆ ಬರ್ತದ. ಅದಕ್ಕ ಹಿಲಾಲನ್ನು ಎಣ್ಣಿಯಾಗ ಅದ್ದಿ, ಎಣ್ಣಿ ತೊಟ್ಟಿಕ್ಕುವುದು ನಿಲ್ಲುವ ತನಕ ತಲಿಕೆಳಗ ಹಿಡಿದು, ಆಮ್ಯಾಲ ಹಚ್ಚುತ್ತಿದ್ದರು. ಮೆರವಣಿಗಿ ಬಣವಿ ಸಾಲಿನ ಹತ್ತಿರ ಬಂದರ ಹಿಲಾಲು ಹಿಡಿದವನು ಗಾಳಿ ಯಾವ ಕಡಿಯಿಂದ ಬೀಸ್ತದ ನೋಡಿ ಬದಿ ಬದಲಿಸುತ್ತಿದ್ದ. ಅವನಿಗೆ ಯಾರೂ ಪುಸ್ತಕ ಕೊಟ್ಟಿರಲಿಲ್ಲ. ಅಪ್ಪ ಹೇಳಿದ್ದ, ಅವನಿಗೆ ಅವನಪ್ಪ ಹೇಳಿದ್ದ.

ಆಮ್ಯಾಲ ಚಿಮಣಿ ಎಣ್ಣಿ ಬಂತು. ನೆಲದಿಂದ ತೆಗೆದ ಎಣ್ಣಿಯನ್ನು ಕಾಸಿ ಬಸಿದು, ಅದರಿಂದ ಉರಿಯುವ ದೀಪವನ್ನು 1853ರಲ್ಲಿ ಇಗ್ನಾಸಿ ಲುಕಾಸಿಯೆವಿಚ್ ಎಂಬ ಪೋಲೆಂಡ್ ಮೂಲದ ಔಷಧಿ ಅಂಗಡಿಯವನು ಲ್ವಿವ್ ಎಂಬ ಊರಿನ ದವಾಖಾನಿಯಲ್ಲಿ ಹಚ್ಚಿ ತೋರಿಸಿದ. ಕೆಲವು ವರ್ಷದೊಳಗ ಅದು ಲೋಕವೆಲ್ಲ ಹಬ್ಬಿತು. ನಮ್ಮ ಹಿರಿಯರು ಅದನ್ನು ಘಾಸಲೇಟ್ ಎಣ್ಣಿ ಅಂದರು, ಗ್ಯಾಸ್ ಲೈಟ್ ಅನ್ನುವ ಮಾತೇ ನಾಲಿಗಿ ಮ್ಯಾಲ ಹೊರಳಿ ಹಂಗಾಯಿತು. ಗಾಳಿಗೆ ಆರದ ಕಂದೀಲು ಅದರ ಬೆನ್ನಿಗೇ ಬಂತು. ಕಂದೀಲು ಅನ್ನುವುದು ಅರಬ್ಬಿ ಮಾತು, ಉರ್ದುವಿನಿಂದ ನಮಗ ಬಂತು. ಮೊದಲು ಜರ್ಮನಿ, ಅಮೇರಿಕದ ಕಂದೀಲು ಬರುತ್ತಿದ್ದವು. ಸ್ವದೇಶಿ ಚಳವಳಿಯ ಕಾಲಕ್ಕ ಮಹಾರಾಷ್ಟ್ರದ ಕರಾಡದ ಹತ್ತಿರ ಓಗಲೆ ಮನೆತನದವರು 1916ರಲ್ಲಿ ಗಾಜಿನ ಕಾರ್ಖಾನಿ ತೆಗೆದರು. ಅವರ ಪ್ರಭಾಕರ ಕಂದೀಲು ಹೆಸರಾಯಿತು, ಆ ಜಾಗಕ್ಕ ಓಗಲೆವಾಡಿ ಅಂತಲೇ ಹೆಸರು ಬಿತ್ತು.

ಕಂದೀಲಿನ ತಪಾಸಣೆ ಹೆಣ್ಣುಮಕ್ಕಳ ಕೈಯಾಗ ಇತ್ತು. ಚರಿತ್ರೆ ಬರೆಯುವವರು ಇದನ್ನು ಬರೆಯುವುದಿಲ್ಲ, ನಾನು ಬರೀತೀನಿ. ಹೊತ್ತು ಮುಳುಗುವ ಮುಂಚೆ ಅಂಗಳದಾಗ ಕುಂತು, ಒಲಿ ಬೂದಿ ಹಚ್ಚಿ ಗಾಜು ಒರೆಸಿ, ಸೀಳು ಬಿಟ್ಟದೇನು ಅಂತ ಬೆಳಕಿಗೆ ಹಿಡಿದು ನೋಡಿ, ಬತ್ತಿಯ ಕರಕು ಸಮನಾಗಿ ಕತ್ತರಿಸುತ್ತಿದ್ದರು. ಎಣ್ಣಿ ತುಂಬಿದ ಮ್ಯಾಲ ಕಂದೀಲಿನ ಬುಡ ಒಣ ಅರಿವಿಯಿಂದ ಒರೆಸಿ, ಒಣ ಮಣ್ಣಿನ ಮ್ಯಾಲ ಸ್ವಲ್ಪ ಹೊತ್ತು ಇಡುತ್ತಿದ್ದರು. ಎತ್ತಿದಾಗ ಮಣ್ಣು ಕರ್ರಗ ಹಸಿಯಾಗಿದ್ದರ ಬುಡದ ಬೆಸುಗಿ ಸೋರ್ತದ ಅಂತ ಅರ್ಥ. ದೀಪದ ಬುಡಕ್ಕೆ ಕತ್ತಲೆ ಅಂತ ಗಾದಿ ಅದ. ಆ ಕತ್ತಲಾಗೇ ಸೋರಿಕೆ ಅಡಗಿರ್ತದ. ಅದನ್ನು ಹಗಲಿನಾಗ ನೋಡಿಬಿಡುತ್ತಿದ್ದರು ನಮ್ಮ ಅವ್ವಂದಿರು.

ಇನ್ನು ಗ್ಯಾಸಬತ್ತಿ. ನನ್ನ ತರುಣ ವಯಸ್ಸೆಲ್ಲ ಅದರ ಬೆಳಕಿನಾಗ ಹೋಯಿತು. ಇದರ ಹಿಂದ ಇಬ್ಬರ ಬುದ್ಧಿ ಅದ. ಒಬ್ಬ ಆಸ್ಟ್ರಿಯಾ ದೇಶದ ಕಾರ್ಲ್ ಆವರ್. ಅವನು 1885ರಲ್ಲಿ ಮ್ಯಾಂಟಲ್ ಕಂಡುಹಿಡಿದ. ಹತ್ತಿಯ ಜಾಳಿಗಿ ಚೀಲಕ್ಕ ಕೆಲವು ಲೋಹಗಳ ಉಪ್ಪು ಕುಡಿಸಿ ಸುಟ್ಟರ ಹತ್ತಿ ಬೂದಿಯಾಗಿ ಹೋಗ್ತದ, ಆದರ ಆ ಲೋಹದ ಬಿಳಿ ಗೂಡು ಹಂಗೇ ನಿಲ್ಲತದ. ಅದು ಕಾದಾಗ ಬೆಳ್ಳಗ ಬೆಳಗ್ತದ. ಮೊದಲಿನದು ಹಸರು ಬಣ್ಣಕ್ಕ ತಿರುಗುತ್ತಿತ್ತು, ಬಾಳಿಕೆ ಬರುತ್ತಿರಲಿಲ್ಲ. 1891ರಲ್ಲಿ ನೂರಕ್ಕ 99 ಪಾಲು ಥೋರಿಯಂ, 1 ಪಾಲು ಸೀರಿಯಂ ಕೂಡಿಸಿದಾಗ ಬೆಳಕು ಸರಿ ಬಂತು. ಈ ಥೋರಿಯಂ ಎಲ್ಲಿಂದ ಬರಬೇಕು? 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಿ ನಮ್ಮ ದೇಶದ ತಿರುವಾಂಕೂರಿನ ಸಮುದ್ರದ ಉಸುಕಿನಾಗ ಅದನ್ನು ಕಂಡ. ಅಲ್ಲಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಉಸುಕು ಅವನ ಕಣ್ಣಿಗೆ ಬಿದ್ದಿತ್ತು. ಮಣವಾಳಕುರಿಚಿಯಲ್ಲಿ ಉಸುಕು ತೊಳೆಯುವ ಕೆಲಸ ಶುರುವಾಯಿತು. ನೋಡ್ರಿ, ನಮ್ಮದೇ ದಕ್ಷಿಣದ ಉಸುಕು ಹಡಗು ಹತ್ತಿ ಯುರೋಪಿಗೆ ಹೋಗಿ ಮ್ಯಾಂಟಲ್ ಆಗುತ್ತಿತ್ತು.

ಇನ್ನೊಬ್ಬ ಬರ್ಲಿನ್ ಊರಿನ ಮ್ಯಾಕ್ಸ್ ಗ್ರೇಟ್ಸ್. 1910ರ ಸುಮಾರಿಗೆ ಚಿಮಣಿ ಎಣ್ಣಿಯನ್ನೇ ಆವಿ ಮಾಡಿ ಮ್ಯಾಂಟಲ್ ಉರಿಸುವ ಬತ್ತಿಯನ್ನು ಅವನ ಕಾರ್ಖಾನಿ ಮಾಡಿತು. ಪೆಟ್ರೋಲಿಯಂ ಅನ್ನುವುದರ ಮೊದಲ ಭಾಗ, ಅವನ ಹೆಸರು ಮ್ಯಾಕ್ಸ್, ಎರಡೂ ಕೂಡಿ ಪೆಟ್ರೋಮ್ಯಾಕ್ಸ್. ನಮಗ ಅದು ಗ್ಯಾಸಬತ್ತಿ. ದೊಡ್ಡದಕ್ಕ 500 ಕ್ಯಾಂಡಲ್ ಬತ್ತಿ ಅಂತಿದ್ದರು, ಅಂದ್ರ 500 ಮೇಣಬತ್ತಿಯಷ್ಟು ಬೆಳಕು ಅಂತ. ಒಂದು ಲೀಟರ್ ಎಣ್ಣಿ ಸುಮಾರು 8 ತಾಸು ಬರುತ್ತಿತ್ತು. ಹಿಲಾಲು, ಕಂದೀಲು ಕಂಡವರಿಗೆ ಅದು ಹುಣ್ಣಿವಿ ಚಂದ್ರನನ್ನು ಕಂಬಕ್ಕ ಕಟ್ಟಿದಂಗ ಇತ್ತು.

ಅದು ಕೆಲಸ ಮಾಡುವ ರೀತಿ ತಿಳಿದರ ತಪಾಸಣೆ ಯಾಕ ಬೇಕು ಅನ್ನುವುದು ತಿಳೀತದ. ಕೆಳಗಿನ ಹಿತ್ತಾಳಿ ಟಾಕಿಯಾಗ ಎಣ್ಣಿ. ಪಂಪು ಹೊಡೆದರ ಎಣ್ಣಿ ಮ್ಯಾಲಿನ ಖಾಲಿ ಜಾಗದಾಗ ಗಾಳಿ ಒತ್ತಿ ಕೂಡ್ತದ. ಆ ಗಾಳಿ ಎಣ್ಣಿಯನ್ನು ಸಣ್ಣ ನಳಿಗಿಯೊಳಗ ಮ್ಯಾಲ ನೂಕ್ತದ. ಮೊದಲು ಇಸ್ಪಿರಿಟ್ ಹಾಕಿ ಆ ನಳಿಗಿ ಕಾಸಿರ್ತಾರ. ಕಾದ ನಳಿಗಿಯಾಗ ಎಣ್ಣಿ ಆವಿ ಆಗಿ, ಸೂಜಿ ಮೊನಿಯಷ್ಟು ತೂತಿನಿಂದ ಹೊರಗ ಚಿಮ್ಮಿ, ಗಾಳಿ ಕೂಡಿಸಿಕೊಂಡು ಮ್ಯಾಂಟಲಿನೊಳಗ ಉರೀತದ. ಅಂದ್ರ ಒಂದೇ ಗೇಣಿನ ಅಂತರದಾಗ ಕೆಳಗ ಒತ್ತಿ ಹಿಡಿದ ಎಣ್ಣಿ, ಮ್ಯಾಲ ಉರಿ. ಹಿಲಾಲಿನ ಎಣ್ಣಿ ಸೋರಿದರ ತೊಟ್ಟಿಕ್ಕುತ್ತಿತ್ತು. ಇದು ಸೋರಿದರ ಪಿಚಕಾರಿಯಂಗ ಹೊಡೀತದ.

ನಮ್ಮ ಮ್ಯಾಳದಾಗ ಬತ್ತಿ ನೋಡಿಕೊಳ್ಳುವ ಒಬ್ಬ ಹಿರಿಯ ಇದ್ದ. ನಾವೆಲ್ಲ ಬತ್ತಿ ಮುತ್ಯಾ ಅಂತಿದ್ದಿವಿ. ಅವನಿಗೆ ಹಾಡಲಿಕ್ಕೆ ಬರುತ್ತಿರಲಿಲ್ಲ, ಓದಲಿಕ್ಕೂ ಬರುತ್ತಿರಲಿಲ್ಲ. ಅವನು ಮಾಡುತ್ತಿದ್ದ ತಪಾಸಣೆಯ ಕ್ರಮ ಇಲ್ಲಿ ಬರೆದಿಡುತ್ತೇನೆ, ಯಾಕಂದ್ರ ಅದು ಎಲ್ಲೂ ಬರೆದಿಟ್ಟಿಲ್ಲ.

ಹಗಲಿರುವಾಗಲೇ ಬತ್ತಿ ಹೊರಗ ತೆಗೀತಿದ್ದ. ಕತ್ತಲಾದ ಮ್ಯಾಲ ತೆಗೆದರ ಬತ್ತಿ ನೋಡಲಿಕ್ಕೆ ಇನ್ನೊಂದು ಬತ್ತಿ ಬೇಕಾಗ್ತದ, ಆ ಉರಿ ಹತ್ತಿರ ತರುವುದೇ ಅಪಾಯ ಅಂತಿದ್ದ. ಮೊದಲು ಟಾಕಿಯನ್ನು ಒಣ ಅರಿವಿಯಿಂದ ಪೂರಾ ಒರೆಸಿ, ತಗ್ಗು ಬಿದ್ದದೇನು, ಬೆಸುಗಿ ಬಿಟ್ಟದೇನು ಅಂತ ಹೆಬ್ಬೆರಳಿನಿಂದ ಸುತ್ತಲೂ ಸವರುತ್ತಿದ್ದ. ಎಣ್ಣಿ ಮೂಸಿ ನೋಡುತ್ತಿದ್ದ. ಚಿಮಣಿ ಎಣ್ಣಿಯೊಳಗ ಪೆಟ್ರೋಲ್ ಕೂಡಿದ್ದರ ವಾಸನಿ ಬೇರೆ ಬರ್ತದ. ಅದು ಜಲ್ದಿ ಆವಿಯಾಗಿ ಬತ್ತಿ ಸಿಡೀತದ. ಆಮ್ಯಾಲ ಅರಿವಿಯಲ್ಲಿ ಸೋಸಿ, ಟಾಕಿಯ ಮುಕ್ಕಾಲು ಪಾಲು ಮಾತ್ರ ತುಂಬುತ್ತಿದ್ದ. ಕಾಲು ಪಾಲು ಗಾಳಿಯ ಪಾಲು, ಅದನ್ನು ತಿನ್ನಬಾರದು ಅಂತಿದ್ದ.

ಮುಚ್ಚಳದ ರಬ್ಬರ ತೆಗೆದು ಬಗ್ಗಿಸಿ ನೋಡುತ್ತಿದ್ದ. ಸೀಳು ಕಂಡರ ಹೊಸದು. ಪಂಪಿನ ಚರ್ಮದ ವಾಯಸರ್ ಒಣಗಿದ್ದರ ಎರಡು ಹನಿ ಕೊಬ್ಬರಿ ಎಣ್ಣಿ. ಮುಚ್ಚಳ ಬಿಗಿದು ಹತ್ತು ಹನ್ನೆರಡು ಪಂಪು ಹೊಡೆದು, ಟಾಕಿಗೆ ಕಿವಿ ಹಚ್ಚುತ್ತಿದ್ದ. ಸುಯ್ ಅಂತ ಸದ್ದು ಬಂದರ ಗಾಳಿ ಹೋಗಲಿಕ್ಕೆ ಹತ್ಯದ. ಸದ್ದು ಇಲ್ಲದಿದ್ದರೂ ನಂಬುತ್ತಿರಲಿಲ್ಲ. ಸಬಕಾರ ನೊರೆ ಮಾಡಿ ಮುಚ್ಚಳದ ಸುತ್ತ, ಪಂಪಿನ ಬುಡಕ್ಕ, ನಳಿಗಿ ಕೂಡುವ ಜಾಗಕ್ಕ ಹಚ್ಚುತ್ತಿದ್ದ. ಗುಳ್ಳಿ ಉಬ್ಬಿದರ ಅಲ್ಲಿ ಸೋರಿಕೆ ಅದ. ಒತ್ತಡ ತೋರಿಸುವ ಮುಳ್ಳಿನ ಮ್ಯಾಲ ಕಣ್ಣಿಟ್ಟು, ಒಂದು ಚಾ ಕುಡಿಯುವಷ್ಟು ಹೊತ್ತು ಬಿಡುತ್ತಿದ್ದ. ಮುಳ್ಳು ಇದ್ದಲ್ಲೇ ಇದ್ದರ ಬತ್ತಿ ಪಾಸು. ಇಷ್ಟೆಲ್ಲ ಆಗುವಾಗ ಬೀಡಿ ಸೇದುವವರು ಹತ್ತಿರ ಬರುವಂಗಿರಲಿಲ್ಲ. ಕಡೀಕೆ ಪಿನ್ನು ಹಾಕಿ ನಿಪ್ಪಲ್ ಬಿಡಿಸಿ, ಗಾಜು ನೋಡಿ, ಮ್ಯಾಂಟಲ್ ಕಟ್ಟಿ, ಗಾಳಿ ಬಿಡುವ ತಿರುಪು ಸಡಿಲ ಮಾಡಿ ಇಟ್ಟು, ಆಮ್ಯಾಲ ಇಸ್ಪಿರಿಟ್ ಹಾಕುತ್ತಿದ್ದ. ಸುಟ್ಟ ಮ್ಯಾಂಟಲಿನ ಪುಡಿ ಬಾಯಿಂದ ಊದಬ್ಯಾಡ್ರಿ, ಎದಿಗೆ ಒಳ್ಳೇದಲ್ಲ ಅಂತಿದ್ದ. ಥೋರಿಯಂ ಅಣುಕಿರಣ ಸೂಸುವ ಲೋಹ, ಅದರ ಪುಡಿ ಉಸಿರಿನೊಳಗ ಹೋಗಬಾರದು. ಈಗ ಭಾಳ ಕಂಪನಿಯವರು ಥೋರಿಯಂ ಬಿಟ್ಟು ಬೇರೆ ಲೋಹ ಬಳಸ್ತಾರ. ಇದು ಮುತ್ಯಾನಿಗೆ ಪುಸ್ತಕದಿಂದ ತಿಳಿದದ್ದಲ್ಲ, ಕೆಮ್ಮು ಬರ್ತದ ಅಂತ ಹೇಳುತ್ತಿದ್ದ. ಹೇಳಿದ ಕಾರಣ ಬೇರೆ, ಮಾತು ಖರೆ.

ಹಾಡಿಗೂ ಇದರ ನಂಟು ಅದ. ನಡುರಾತ್ರಿ ಹೊತ್ತಿಗೆ ಟಾಕಿಯ ಗಾಳಿ ಕಡಿಮಿಯಾಗಿ ಬೆಳಕು ಕೆಂಪಗಾಗ್ತಿತ್ತು. ಮುತ್ಯಾ ಎದ್ದು ನಿಂತದ್ದು ಕಂಡರ ಮುಂದ ಹಾಡುವವನು ಪದದ ಪಲ್ಲವಿ ಹಿಡಿದು ಎಳೀತಿದ್ದ, ತಾಳದವರು ನಿಧಾನ ಮಾಡುತ್ತಿದ್ದರು. ಬತ್ತಿ ಕೆಳಗ ಇಳಿಸಿ ಪಂಪು ಹೊಡೆದು ಮ್ಯಾಲ ಏರಿಸುವ ತನಕ ಪಲ್ಲವಿ ತಿರುಗುತ್ತಿತ್ತು. ಬೆಳಕು ಬೆಳ್ಳಗಾದ ಕೂಡಲೇ ನುಡಿ ಶುರು. ನಮ್ಮ ಕಡಿ ಪಲ್ಲವಿಯನ್ನು ಅಷ್ಟು ಸಲ ಹಾಡುವ ರೂಢಿಗೆ ಗ್ಯಾಸಬತ್ತಿಯೂ ಒಂದು ಕಾರಣ ಅಂತ ನನಗ ಅನ್ನಿಸ್ತದ. ಎಣ್ಣಿ ತೀರಿದರ ಮಾತ್ರ ಪಲ್ಲವಿಯಿಂದ ಸಾಗುತ್ತಿರಲಿಲ್ಲ. ಬತ್ತಿ ಪೂರಾ ಆರಿಸಿ, ಗಾಳಿ ಬಿಟ್ಟು, ಟಾಕಿ ಕೈಗೆ ತಣ್ಣಗ ಹತ್ತುವ ತನಕ ಕಾಯಬೇಕು. ಉರಿಯುವ ಬತ್ತಿಗೆ ಎಣ್ಣಿ ಹಾಕುವ ಮಾತೇ ಇಲ್ಲ. ಆಗ ಜನ ಎಲಿ ಅಡಿಕಿ ಹಾಕಿಕೊಂಡು ಕತ್ತಲಾಗ ಕುಂತು ಮಾತಾಡುತ್ತಿದ್ದರು.

ಒಂದು ಸಲ ಒಂದು ಊರಿನ ಜಾತ್ರಿಯಾಗ ನಮ್ಮ ಬತ್ತಿಯ ಮುಚ್ಚಳದ ಹತ್ತಿರ ಒಂದೇ ಒಂದು ಗುಳ್ಳಿ ಎದ್ದಿತು. ಹೊಸ ರಬ್ಬರ ಇರಲಿಲ್ಲ. ಮುತ್ಯಾ ಬತ್ತಿ ಹಚ್ಚೂದಿಲ್ಲ ಅಂದ. ಜಾತ್ರಿ ನಡೆಸುವ ದೊಡ್ಡವರು ಸಿಟ್ಟಿಗೆದ್ದರು. ನಾವು ರೊಕ್ಕ ಕೊಟ್ಟು ಕರೆಸೀವಿ, ಒಂದು ಗುಳ್ಳಿಗೆ ಅಂಜತೀಯೇನು ಅಂತ ನಾಲ್ಕು ಮಂದಿ ಮುಂದ ಬೈದರು. ಮುತ್ಯಾ ಕೈ ಮುಗಿದು, ಬೈರಿ ಯಪ್ಪಾ, ಬೈಗುಳಕ್ಕ ಮೈ ಸುಡೂದಿಲ್ಲ ಅಂದ. ಆ ರಾತ್ರಿ ಮೂರು ಕಂದೀಲು ತಂದು ಕಟ್ಟಿ ಹಾಡಿದಿವಿ. ಹಿಂದ ಕುಂತವರಿಗೆ ನಮ್ಮ ಮಾರಿ ಕಾಣಲಿಲ್ಲ, ಪದ ಕೇಳಿತು. ಬೆಳಗ್ಗೆ ಎಲ್ಲರೂ ನೆಟ್ಟಗ ಮನಿಗೆ ಹೋದರು.

ಎಲ್ಲ ಊರಾಗೂ ಹಂಗಾಗಲಿಲ್ಲ. ನಮ್ಮ ಸೀಮಿಯ ಇನ್ನೊಂದು ಹಳ್ಳಿಯ ಮದುವಿ ಮೆರವಣಿಗಿಯಾಗ ಬಾಡಿಗಿ ಬತ್ತಿ ತಂದಿದ್ದರು. ಆಗ ಬತ್ತಿ ತಲಿ ಮ್ಯಾಲ ಹೊತ್ತು ಸಾಲಾಗಿ ನಡೀತಿದ್ದರು. ಹೊರುವವರು ಬಡವರ ಮಕ್ಕಳು, ರಾತ್ರಿಗೆ ಎರಡು ಮೂರು ರೂಪಾಯಿ ಕೂಲಿ. ಅವರಿಗೆ ಹೊರುವುದು ಹೇಳಿದ್ದರೇ ಹೊರತು ನೋಡುವುದು ಯಾರೂ ಹೇಳಿರಲಿಲ್ಲ. ಒಂದು ಬತ್ತಿಯ ಮುಚ್ಚಳದಿಂದ ಎಣ್ಣಿ ಚಿಮ್ಮಿ ಉರಿ ಹತ್ತಿತು. ಹೊತ್ತ ಹುಡುಗನ ಹೆಗಲು, ಕುತ್ತಿಗಿ ಸುಟ್ಟವು. ಅವನು ಬದುಕಿದ, ಆದರ ಆ ಕೈ ಮತ್ತ ಮ್ಯಾಲ ಏಳಲಿಲ್ಲ. ಮರುದಿನ ಬತ್ತಿ ಬಿಚ್ಚಿ ನೋಡಿದರ ಮುಚ್ಚಳದಾಗ ರಬ್ಬರ ಇರಲೇ ಇಲ್ಲ, ನೂಲು ಸುತ್ತಿದ್ದರು. ನಾಲ್ಕಾಣೆಯ ರಬ್ಬರ. ಮದುವಿ ಫೋಟೋದಾಗ ಬತ್ತಿಯ ಬೆಳಕು ಇದ್ದಾವು, ಹೊತ್ತವರ ಮಾರಿ ಇಲ್ಲ.

ಇದು ನಮ್ಮ ಹಳ್ಳಿಗಳ ಅಜ್ಞಾನ ಅಂತ ಯಾರೂ ತಿಳಿಯಬಾರದು. ದೊಡ್ಡ ದೇಶಗಳಾಗೂ ಇದೇ ಪಾಠವನ್ನು ಭಾಳ ಹೆಣ ಸುಟ್ಟ ಮ್ಯಾಲೇ ಕಲಿತರು. ಇಂಗ್ಲೆಂಡಿನ ಫೆಲಿಂಗ್ ಎಂಬಲ್ಲಿಯ ಕಲ್ಲಿದ್ದಲ ಗಣಿಯೊಳಗ 1812ರ ಮೇ 25ರಂದು ಗ್ಯಾಸ್ ಹತ್ತಿ ಸಿಡಿದು 92 ಮಂದಿ ಸತ್ತರು, ಅದರಾಗ ಸಣ್ಣ ಹುಡುಗರು ಭಾಳ. ಗಣಿಯೊಳಗ ಬೆಳಕಿಲ್ಲದೆ ಕೆಲಸ ಆಗೂದಿಲ್ಲ, ಬಯಲು ಉರಿ ಒಯ್ದರ ಗ್ಯಾಸ್ ಹತ್ತತದ. 1815ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಉರಿಯ ಸುತ್ತ ಸಣ್ಣ ತಂತಿ ಜಾಳಿಗಿ ಕಟ್ಟಿದ ದೀಪ ಮಾಡಿದ. ಉರಿಯ ಕಾವನ್ನು ಜಾಳಿಗಿ ಹೀರಿಕೊಳ್ತದ, ಹೊರಗಿನ ಗ್ಯಾಸಿಗೆ ಉರಿ ದಾಟೂದಿಲ್ಲ. ಗ್ಯಾಸ್ ಇದ್ದರ ಉರಿಯ ಮ್ಯಾಲ ನೀಲಿ ಟೋಪಿಗಿ ಕಾಣ್ತದ, ಅದೇ ಎಚ್ಚರಿಕೆ. ಡೇವಿ ಅದಕ್ಕ ಹಕ್ಕಿನ ಕಾಗದ ಮಾಡಿಸಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟ.

ಆದರ ದೀಪ ಬಂದ ಮ್ಯಾಲೂ ಸಾವು ನಿಲ್ಲಲಿಲ್ಲ. ಜಾಳಿಗಿಯ ಒಂದು ಎಳಿ ಹರಿದಿದ್ದರೂ, ತುಕ್ಕು ತಿಂದಿದ್ದರೂ ಉರಿ ಹೊರಗ ಬಂದುಬಿಡ್ತದ. ದೀಪ ಅದ ಅಂತ ಧೈರ್ಯ ಮಾಡಿ ಹೆಚ್ಚು ಗ್ಯಾಸ್ ಇರುವ ಜಾಗಕ್ಕೂ ಕೂಲಿಯವರನ್ನು ಇಳಿಸಿದರು. ಅದಕ್ಕ ಮುಂದ ಗಣಿ ಬಾಗಿಲಿಗೆ ದೀಪದ ಕೋಣಿ ಮಾಡಿದರು. ಪ್ರತಿ ದೀಪಕ್ಕ ನಂಬರು, ನೋಡಲಿಕ್ಕೆ ಒಬ್ಬ ಜವಾಬ್ದಾರ. ಅವನು ನೋಡಿ ಕೀಲಿ ಹಾಕಿ ಕೊಟ್ಟ ದೀಪವನ್ನೇ ಒಳಗ ಒಯ್ಯಬೇಕು. ನಮ್ಮ ತೆಲಂಗಾಣದ ಸಿಂಗರೇಣಿ ಗಣಿ 1889ರಲ್ಲಿ ಇಲ್ಲೆಂದುವಿನಲ್ಲಿ ಶುರುವಾದದ್ದು. ನಮ್ಮ ದೇಶಕ್ಕ ಮೊದಲ ಗಣಿ ಕಾಯ್ದೆ ಬಂದದ್ದು 1901ರಲ್ಲಿ. ದೀಪ ನೋಡುವವನ ಕೆಲಸಕ್ಕ ಕಾಯ್ದೆಯೊಳಗ ಜಾಗ ಸಿಕ್ಕಿತು. ನಮ್ಮ ಬತ್ತಿ ಮುತ್ಯಾ ಮಾಡಿದ್ದೂ ಅದೇ ಕೆಲಸ, ಅವನಿಗೆ ಕಾಯ್ದೆಯ ಬಲ ಇರಲಿಲ್ಲ ಅಷ್ಟೇ.

ಇನ್ನೊಂದು ಪ್ಯಾರಿಸಿನದು. 1897ರ ಮೇ 4ರಂದು ಅಲ್ಲಿ ಬಡವರ ಸಹಾಯಕ್ಕ ಅಂತ ದೊಡ್ಡ ಮನಿತನದ ಹೆಂಗಸರು ಒಂದು ಸಂತಿ ನಡೆಸಿದರು. ಕಟ್ಟಿಗಿ, ಅರಿವಿ, ಕಾಗದದಿಂದ ಕಟ್ಟಿದ ದೊಡ್ಡ ಮಂಟಪ. ಆಗಷ್ಟೇ ಹೊಸದಾಗಿದ್ದ ಸಿನೆಮಾ ಯಂತ್ರ ಅಲ್ಲಿ ಇಟ್ಟಿದ್ದರು. ಅದರ ದೀಪ ಈಥರ್ ಎಂಬ ದ್ರವದಿಂದ ಉರಿಯುವಂಥದು. ಈಥರ್ ಪೆಟ್ರೋಲಿಗಿಂತಲೂ ಜಲ್ದಿ ಆವಿ ಆಗ್ತದ. ದೀಪಕ್ಕ ಈಥರ್ ತುಂಬುವಾಗ ಕತ್ತಲಿ ಅಂತ ಹತ್ತಿರದವನು ಕಡ್ಡಿ ಗೀರಿದ. ಕಣ್ಣು ಮುಚ್ಚಿ ತೆಗೆಯುವುದರೊಳಗ ಮಂಟಪ ಹತ್ತಿತು. 120ಕ್ಕೂ ಹೆಚ್ಚು ಜನ ಸತ್ತರು, ಭಾಳ ಮಟ್ಟಿಗೆ ಹೆಂಗಸರು, ರಾಜಮನೆತನದವರೂ ಇದ್ದರು. ಹಗಲಿನಾಗ ಬತ್ತಿ ತೆಗೀಬೇಕು, ಎಣ್ಣಿ ಹಾಕುವಾಗ ಉರಿ ಹತ್ತಿರ ತರಬಾರದು ಅಂತ ನಮ್ಮ ಮುತ್ಯಾ ಹೇಳುತ್ತಿದ್ದ ಎರಡು ಮಾತು ಅಲ್ಲಿ ಯಾರೂ ಹೇಳಲಿಲ್ಲ.

ಕರೆಂಟಿನ ಸುದ್ದಿ ಚಿಕ್ಕದಾಗಿ ಹೇಳ್ತೀನಿ. ಶಿವನಸಮುದ್ರದ ನೀರಿನಿಂದ ತೆಗೆದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ನಮ್ಮಂಥ ಗಡಿ ಹಳ್ಳಿಗೆ ಬರಲಿಕ್ಕೆ ಇನ್ನೂ ಎರಡು ಮೂರು ತಲಿಮಾರು ಹಿಡಿಯಿತು. ಬಂದ ಮ್ಯಾಲೂ ಜಾತ್ರಿ ರಾತ್ರಿಯೇ ಹೋಗುತ್ತಿತ್ತು. ಅದಕ್ಕ ಗ್ಯಾಸಬತ್ತಿ ಭಾಳ ದಿನ ಮೂಲಿಯಾಗ ಕುಂತಿತ್ತು. ಈಗ ಅದರ ಜಾಗಕ್ಕ ಗಾಲಿ ಮ್ಯಾಲಿನ ಜನರೇಟರು ಬಂದದ. ಮ್ಯಾಲ ಉದ್ದ ಕಂಬ, ಕಂಬಕ್ಕ ನಾಲ್ಕು ದೊಡ್ಡ ಲೈಟು. ಒಂದು ಗುಂಡಿ ಒತ್ತಿದರ ಇಡೀ ಬಯಲು ಹಗಲಾಗ್ತದ. ಆದರ ಗುಂಡಿ ಒತ್ತುವ ಹುಡುಗ ಒಂದು ಕೈಯಾಗ ಮೊಬೈಲ್ ಹಿಡಿದಿರ್ತಾನ. ಬೆಳಕು ಐನೂರು ಪಟ್ಟು ಬೆಳೀತು, ನೋಡುವ ಮನುಷ್ಯ ಮಾಯ ಆದ.

ಈ ಯಂತ್ರದಾಗೂ ಅದೇ ಎಣ್ಣಿ, ಅದೇ ಕಾವು, ಅದೇ ಸೋರಿಕೆ. ನಮ್ಮ ಹುಡುಗರಲ್ಲಿ ಟ್ರ್ಯಾಕ್ಟರ್ ರಿಪೇರಿ ಬಲ್ಲವರನ್ನು ಕೇಳಿ, ನಾನೂ ನೋಡಿ, ಮುತ್ಯಾನ ಕ್ರಮಕ್ಕ ಹೊಂದಿಸಿ ಬರೀತೀನಿ. ಹಗಲಿನಾಗ ಸಪಾಟು ನೆಲದ ಮ್ಯಾಲ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಬೇಕು. ಚಾಲು ಮಾಡುವ ಮುಂಚೆ ಬಗ್ಗಿ ಕೆಳಗ ನೋಡಬೇಕು. ನೆಲದ ಮ್ಯಾಲ ಡೀಸೆಲ್, ಆಯಿಲ್, ನೀರು ಯಾವುದರ ಹನಿ ಇದ್ದರೂ ಅದು ಎಲ್ಲಿಂದ ಬಂತು ಅಂತ ತಿಳಿಯುವ ತನಕ ಚಾಲು ಮಾಡಬಾರದು. ಕಂದೀಲಿನ ಕೆಳಗಿನ ಒಣ ಮಣ್ಣು ನೋಡುತ್ತಿದ್ದ ಅವ್ವಂದಿರ ಕೆಲಸವೇ ಇದು. ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇದ್ದಾಗ ತೆಗೀಬಾರದು. ಡೀಸೆಲ್ ಪೈಪು ಸೀಳಿದ್ದಾವೇನು, ಕ್ಲಿಪ್ಪು ಬಿಗಿ ಇದ್ದಾವೇನು ನೋಡಬೇಕು. ಇಲ್ಲಿ ಒಂದು ಎಚ್ಚರ: ಇಂಜಿನ್ ಚಾಲು ಇದ್ದಾಗ ಸೋರಿಕೆ ಹುಡುಕಲಿಕ್ಕೆ ಪೈಪಿನ ಮ್ಯಾಲ ಬರಿಗೈ ಆಡಿಸಬಾರದು. ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ ಎಷ್ಟು ಅಂದ್ರ, ಕಣ್ಣಿಗೆ ಕಾಣದ ತೂತಿನಿಂದ ಬಂದ ಚಿಲುಮಿ ಸೂಜಿಯಂಗ ಚರ್ಮದೊಳಗ ಹೊಕ್ಕು ಕೈಯನ್ನೇ ಕಳೀತದ. ಒಂದು ರಟ್ಟಿನ ತುಂಡು ಹಿಡಿದರ ಸಾಕು, ಸೋರಿದಲ್ಲಿ ರಟ್ಟು ಹಸಿಯಾಗ್ತದ.

ಕಂಬ ಏರಿಸುವ ಮುಂಚೆ ತಲಿ ಎತ್ತಿ ಮ್ಯಾಲ ಕರೆಂಟಿನ ತಂತಿ ಇದ್ದಾವೇನು ನೋಡಬೇಕು. ಕಂಬದ ಪಿನ್ನು, ಹಗ್ಗ, ವಾಯರಿನ ಮ್ಯಾಲಿನ ಸಿಪ್ಪಿ, ಅರ್ಥಿಂಗ್ ಸಲಾಕಿ, ಇವನ್ನೂ ನೋಡಬೇಕು. ಬಿಚ್ಚಿದ ವಾಯರಿನ ಗಂಟುಗಳನ್ನು ಶಾಮಿಯಾನದ ಅರಿವಿಗೆ ತಾಗಿಸಿ ಇಡಬಾರದು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲಿ ಮಕ್ಕಳ ಸಮಾರಂಭದ ಶಾಮಿಯಾನಕ್ಕ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಮಂದಿ ಸತ್ತರು. ಭಾಳ ಮಟ್ಟಿಗೆ ಮಕ್ಕಳು. ನಮ್ಮ ಮಾಸ್ತರು ಮಂದಿ ವಾರ್ಷಿಕೋತ್ಸವಕ್ಕ ಶಾಮಿಯಾನ ಹಾಕಿಸುವಾಗ ಈ ಊರಿನ ಹೆಸರು ನೆನಪಿಟ್ಟುಕೊಳ್ಳಬೇಕು. ಡೀಸೆಲ್ ಹಾಕಬೇಕಾದರ ಇಂಜಿನ್ ಬಂದ್ ಮಾಡಿ ತಣ್ಣಗಾಗುವ ತನಕ ಕಾಯಬೇಕು. ಆಗ ನಮ್ಮ ಕಾಲದವರಂಗ ಒಂದಿಷ್ಟು ಹೊತ್ತು ಕತ್ತಲಾಗ ಕುಂತು ಮಾತಾಡಿದರ ಏನೂ ಹೋಗೂದಿಲ್ಲ. ಮಳಿ ಬಂತು ಅಂತ ಜನರೇಟರನ್ನು ಗುಡಿಯ ಪಡಸಾಲಿಯೊಳಗ, ಕೋಣಿಯೊಳಗ ಇಟ್ಟು ಚಾಲು ಮಾಡಬಾರದು. ಅದರ ಹೊಗಿಯಾಗ ಇರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗ್ತಾರ.

ವಾಸನಿಯ ಮಾತು ಬಂತು ಅಂತ ಇನ್ನೊಂದು. ಜಾತ್ರಿಯ ಅಂಗಡಿಗಳಾಗ ಈಗ ಸಿಲಿಂಡರ್ ಗ್ಯಾಸು. ಸೋರಿದರ ವಾಸನಿ ಬರ್ತದಲ್ಲ, ಅದು ಗ್ಯಾಸಿನ ಸ್ವಂತ ವಾಸನಿ ಅಲ್ಲ. 1937ರ ಮಾರ್ಚ್ 18ರಂದು ಅಮೇರಿಕದ ಟೆಕ್ಸಸ್ ಸೀಮಿಯ ನ್ಯೂ ಲಂಡನ್ ಎಂಬ ಊರಿನ ಶಾಲಿಯ ಕೆಳಗ ಗ್ಯಾಸ್ ಸೋರಿ ತುಂಬಿತ್ತು. ವಾಸನಿ ಇಲ್ಲದ್ದಕ್ಕ ಯಾರಿಗೂ ತಿಳಿಯಲಿಲ್ಲ. ಒಂದು ಕಿಡಿಗೆ ಶಾಲಿ ಸಿಡಿದು ಸುಮಾರು 300 ಮಂದಿ, ಬಹಳಷ್ಟು ಮಕ್ಕಳು, ಸತ್ತರು. ಅಲ್ಲಿಂದ ಮುಂದ ಗ್ಯಾಸಿಗೆ ಕೆಟ್ಟ ವಾಸನಿ ಕೂಡಿಸುವ ಕಾಯ್ದೆ ಮಾಡಿದರು. ಆ ವಾಸನಿ ಬಂದಾಗ ಕಡ್ಡಿ ಗೀರಿ ನೋಡುವುದಲ್ಲ, ಲೈಟಿನ ಗುಂಡಿ ಮುಟ್ಟುವುದೂ ಅಲ್ಲ. ಬಾಗಿಲು ತೆಗೆದು, ಸಿಲಿಂಡರ್ ಬಂದ್ ಮಾಡಿ, ಆಮ್ಯಾಲ ಸಬಕಾರ ನೊರೆ ಹಚ್ಚಿ ಗುಳ್ಳಿ ನೋಡಬೇಕು. ಮುತ್ಯಾನ ನೊರೆ ಇವತ್ತಿಗೂ ಕೆಲಸಕ್ಕ ಬರ್ತದ, ಅದಕ್ಕ ಒಂದು ಪೈಸೆ ಖರ್ಚಿಲ್ಲ.

ನನ್ನ ಕೇಳಿಕೆ ಇಷ್ಟೇ. ನಮ್ಮ ಜಾತ್ರಿ ಕಮಿಟಿಯ ಲೆಕ್ಕದ ಪುಸ್ತಕದಾಗ ಹೂವಿಗೆ ಒಂದು ಸಾಲು ಅದ, ಮೈಕಿಗೆ ಒಂದು, ಪಟಾಕಿಗೆ ಒಂದು. ಬತ್ತಿ ನೋಡುವವನಿಗೂ ಒಂದು ಸಾಲು ಬರೀರಿ. ಅವನ ಹೆಸರು ಬರೀರಿ, ಕೂಲಿ ಬರೀರಿ. ಅವನು ನೋಡಿ ಸರಿ ಅನ್ನುವ ತನಕ ಎಂಥ ದೊಡ್ಡವರು ಬಂದು ಕುಂತಿದ್ದರೂ ಲೈಟು ಹಚ್ಚಬಾರದು ಅಂತ ಕಮಿಟಿಯವರು ಠರಾವು ಮಾಡಬೇಕು. ಮನಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವ ಗಾದಿ ನಮ್ಮ ಊರಿಗೆ ಬರುವುದು ಬ್ಯಾಡ. ಮಾಸ್ತರು ಮಂದಿ ಶಾಲಿ ಮಕ್ಕಳಿಗೆ ಒಂದು ಹಳೇ ಕಂದೀಲು, ಒಂದು ಗ್ಯಾಸಬತ್ತಿ ತೋರಿಸಿ, ಸಬಕಾರ ನೊರೆಯ ಪಾಠ ಕಲಿಸಬೇಕು. ಅದರಾಗ ವಿಜ್ಞಾನವೂ ಅದ, ಊರಿನ ಚರಿತ್ರೆಯೂ ಅದ. ಗ್ಯಾಸಬತ್ತಿ ಯಾರ ಮನಿಯಾಗ ಮೂಲಿಗೆ ಬಿದ್ದಿದ್ದರೂ ಗುಜರಿಗೆ ಹಾಕದೆ ವಾಚನಾಲಯಕ್ಕ ತಂದುಕೊಡ್ರಿ. ಪಂಪು, ಮುಚ್ಚಳ, ವಾಯಸರ್ ಬಿಚ್ಚಿ ಜೋಡಿಸುವುದನ್ನು ಹುಡುಗರಿಗೆ ತೋರಿಸಲಿಕ್ಕೆ ನಾನು ಇದ್ದೀನಿ. ಸುಗ್ಗಿ ಮುಗಿದ ಮ್ಯಾಲ ಯಾವ ದಿನ ಕರೆದರೂ ಬರ್ತೀನಿ.